ಮುಯ್ಯಿ ಪುಸ್ತಕದಲ್ಲಿ ಬರೆಯಲಾಗದ್ದು: ದೇವರ ಕೃಪೆಯನ್ನು ಓದಿ ತಿಳಿಯುವ ಕ್ರಮ

ಮಂಡ್ಯ, ಮೈಸೂರು ಕಡೆ ಮದುವೆ ಎಂದರೆ ಮುಯ್ಯಿ ಬರೆಸುವುದು ಇದ್ದೇ ಇರುತ್ತದೆ. ಮಂಟಪದ ಪಕ್ಕ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಬರೆಯುವವನ ಮಗ್ಗುಲಲ್ಲಿ ದುಡ್ಡು ಎಣಿಸಿಕೊಳ್ಳುವ ಇನ್ನೊಬ್ಬ. ಊರು, ಹೆಸರು, 501 ರೂಪಾಯಿ. ಆ ಪುಸ್ತಕ ವರ್ಷಗಟ್ಟಲೆ ಬೀರುವಿನಲ್ಲಿರುತ್ತದೆ. ಅವರ ಮನೆಯ ಮದುವೆ ಬಂದಾಗ ತೆಗೆದು ನೋಡಿ, ಒಂದಿಷ್ಟು ಸೇರಿಸಿ ತಿರುಗಿ ಬರೆಸುತ್ತಾರೆ. ಗದ್ದೆ ಕೆಲಸಕ್ಕೂ ಮುಯ್ಯಾಳು ಉಂಟು: ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು. ಪದ್ಧತಿ ಒಳ್ಳೆಯದೇ. ಆದರೆ ಕ್ರೈಸ್ತರು 'ಕೃಪೆ' ಎನ್ನುವಾಗ ಏನು ಹೇಳುತ್ತಿದ್ದಾರೆಂದು ತಿಳಿಯಹೊರಟವರು ಎಡವುವುದು ಇಲ್ಲೇ. ಪಡೆದದ್ದನ್ನೆಲ್ಲ ತಿರುಗಿಸಬೇಕೆಂದು ಕಲಿತ ಮನಸ್ಸು, ತಿರುಗಿಸಲಾಗದ ಒಂದನ್ನು ಯಾವ ಪುಟದಲ್ಲಿ ಬರೆಯಲಿ ಎಂದು ತಡಕಾಡುತ್ತದೆ.

ಈ ಬರಹ ಹುಟ್ಟಿನಿಂದ ಚರ್ಚಿಗೆ ಹೋಗುತ್ತಿದ್ದೂ 'ಕೃಪೆ' ಎಂಬ ಮಾತನ್ನು ಬಾಯಿಪಾಠದಂತೆ ಹೇಳುವವರಿಗೂ, ಕುತೂಹಲದಿಂದ ಬೈಬಲ್ ತೆರೆಯುವ ಬೇರೆಯವರಿಗೂ. ಬೇಕಾದದ್ದು ಒಂದು ಕನ್ನಡ ಬೈಬಲ್, ಒಂದು ನೋಟ್‌ಬುಕ್ಕು, ದಿನಕ್ಕೆ ಅರ್ಧ ಗಂಟೆಯಂತೆ ಸುಮಾರು ಆರು ವಾರ. ಆದಿಕಾಂಡದಿಂದ ಶುರು ಮಾಡಬೇಡಿ. ಹಾಗೆ ಶುರು ಮಾಡಿದವರಲ್ಲಿ ಬಹುಪಾಲು ಜನ ಯಾಜಕಕಾಂಡದ ಬಲಿ ನಿಯಮಗಳ ಹೊತ್ತಿಗೆ ಪುಸ್ತಕ ಮುಚ್ಚಿರುತ್ತಾರೆ.

ಮೊದಲ ವಾರ: ಮಾತುಗಳನ್ನು ಬಿಡಿಸಿಕೊಳ್ಳಿ

ಪ್ರಾಟೆಸ್ಟೆಂಟ್ ಸಭೆಗಳಲ್ಲಿ (ಚರ್ಚುಗಳಲ್ಲಿ) ಹೆಚ್ಚಾಗಿ ಕೇಳುವ ಮಾತು 'ಕೃಪೆ'. ಕಥೋಲಿಕರಲ್ಲಿ 'ವರಪ್ರಸಾದ'. ಮಣಿ ಎಣಿಸುತ್ತಾ ಮಾಡುವ ಜಪಸರದಲ್ಲಿ ದಿನವೂ ಮಾತೆ ಮರಿಯಳನ್ನು ಕರೆಯುವುದು ಆ ಮಾತಿನಿಂದಲೇ. ಹೊಸ ಒಡಂಬಡಿಕೆಯ (ಬೈಬಲಿನ ಎರಡನೇ ಭಾಗ) ಗ್ರೀಕಿನಲ್ಲಿ ಎರಡಕ್ಕೂ ಮೂಲ ಒಂದೇ, 'ಖಾರಿಸ್'. ಅದು ಹೊಸ ಒಡಂಬಡಿಕೆಯಲ್ಲಿ 150ಕ್ಕೂ ಹೆಚ್ಚು ಸಲ ಬರುತ್ತದೆ, ಅದರಲ್ಲಿ ಬಹುಪಾಲು ಮೊದಲ ಶತಮಾನದ ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರಗಳಲ್ಲಿ. ಅವನ ಹೆಸರಿನ 13 ಪತ್ರಗಳೂ ಕೃಪೆಯನ್ನು ಹಾರೈಸಿ ಶುರುವಾಗಿ, ಕೃಪೆಯನ್ನು ಹಾರೈಸಿಯೇ ಮುಗಿಯುತ್ತವೆ. ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನ 'ಹೇನ್' ಎಂದರೆ ಒಬ್ಬರ ಕಣ್ಣಿಗೆ ಮೆಚ್ಚಾಗುವುದು. 'ಹೆಸೆದ್' ಎಂದರೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಕೈಬಿಡದ ಪ್ರೀತಿ. ಖಾರಿಸ್‌ನ ಹಿಂದೆ ಈ ಎರಡೂ ಇವೆ.

ಕರುಣೆ, ಕೃಪೆ ಎರಡನ್ನೂ ಒಂದೇ ಮಾಡಿಕೊಳ್ಳುವುದು ಸಾಮಾನ್ಯ. ಸಲ್ಲಬೇಕಾದ ಶಿಕ್ಷೆಯನ್ನು ಕೊಡದೆ ಬಿಡುವುದು ಕರುಣೆ, ಸಲ್ಲದ ಒಳಿತನ್ನು ಕೊಡುವುದು ಕೃಪೆ. ಕಲಿಯುವವರಿಗೆ ಇಷ್ಟು ಗೆರೆ ಸಾಕು. ಬೈಬಲ್ ಎಲ್ಲ ಕಡೆಯೂ ಇಷ್ಟು ಕಟ್ಟುನಿಟ್ಟಾಗಿ ಮಾತು ಬಳಸುವುದಿಲ್ಲ.

ನಮ್ಮಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಇನ್ನೊಂದು ಮಾತಿದೆ: ಕೃಪಾಂಕ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು ನಾಲ್ಕೈದು ಅಂಕ ಕಡಿಮೆ ಬಿದ್ದವನಿಗೆ ಮೇಲಿಂದ ಸೇರಿಸಿ ದಡ ಮುಟ್ಟಿಸುವುದು. 'ನಮ್ಮ ಕೈಲಾದಷ್ಟು ನಾವು ಮಾಡೋದು, ಕೊರತೆ ಬಿದ್ದದ್ದನ್ನ ದೇವರು ತುಂಬುತ್ತಾನೆ' ಎಂದು ಎಷ್ಟೋ ಜನ ಹೇಳುವುದು ಈ ಅರ್ಥದಲ್ಲೇ. ಕೇಳಲು ಹಿತವಾಗಿದೆ. ಆದರೆ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದ ಮೊದಲ ವಚನ ತೆರೆದು ನೋಡಿ. ಅಂಕ ಕಡಿಮೆ ಬಿದ್ದವರು ಎಂದಿಲ್ಲ, ಸತ್ತವರಾಗಿದ್ದಿರಿ ಎಂದಿದೆ. ಸತ್ತವನು ಪರೀಕ್ಷೆಗೇ ಕೂತಿಲ್ಲ, ಅವನಿಗೆಲ್ಲಿಯ ಕೃಪಾಂಕ?

ಎರಡನೇ, ಮೂರನೇ ವಾರ: ಮೂರು ಕಥೆ, ಕೈಯಲ್ಲಿ ಲೆಕ್ಕ

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಮತ್ತಾಯ, ಮಾರ್ಕರದರ ಗ್ರೀಕಿನಲ್ಲಿ 'ಖಾರಿಸ್' ಒಮ್ಮೆಯೂ ಇಲ್ಲ. ಯೊಹಾನನಲ್ಲಿ ಮೊದಲ ಅಧ್ಯಾಯ ದಾಟಿದರೆ ಸಿಗದು. ಯೇಸು ಅದನ್ನು ಹೆಸರಿಟ್ಟು ಪಾಠ ಮಾಡದೆ ಸಾಲಗಾರರ, ಕೂಲಿಯವರ, ಮನೆಬಿಟ್ಟ ಮಗನ ಕಥೆ ಹೇಳಿದ. ಅದಕ್ಕೇ ಪೌಲನಿಗಿಂತ ಮೊದಲು ಈ ಮೂರು ಕಥೆಗಳನ್ನು ಓದಬೇಕು.

ಮೊದಲನೆಯದು ಮತ್ತಾಯ 18:21ರಿಂದ 35 (18ನೇ ಅಧ್ಯಾಯದ 21ರಿಂದ 35ನೇ ವಚನ). ಅರಸನಿಗೆ ಒಬ್ಬ ಸೇವಕ 10,000 ತಲಾಂತು ಕೊಡಬೇಕು. ಆ ಸೇವಕನಿಗೆ ಇನ್ನೊಬ್ಬ 100 ದಿನಾರಿ ಕೊಡಬೇಕು. ನಿಮ್ಮ ಪ್ರತಿಯಲ್ಲಿ ಹಣದ ಹೆಸರು ಬೇರೆ ಇದ್ದರೆ ಅಡಿಟಿಪ್ಪಣಿ ನೋಡಿ. ಒಂದು ದಿನಾರಿ ಎಂದರೆ ಆಳಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ನೋಟ್‌ಬುಕ್ಕಿನಲ್ಲಿ ಗುಣಿಸಿ: 6 ಕೋಟಿ ದಿನಗೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ. ಇನ್ನೊಬ್ಬನ ಸಾಲ 4 ತಿಂಗಳ ದುಡಿಮೆ. ಒಂದಕ್ಕೆ ಇನ್ನೊಂದು 6 ಲಕ್ಷ ಪಟ್ಟು. ಈ ಲೆಕ್ಕ ಹಾಕದೆ ಓದಿದರೆ 'ಯಾರೋ ಸಾಲ ಬಿಟ್ಟರು' ಎಂಬಷ್ಟೇ ಉಳಿಯುತ್ತದೆ. ಆ 100 ದಿನಾರಿ ಸಣ್ಣ ಮೊತ್ತವಲ್ಲ ಎಂಬುದೂ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ತಿಂಗಳ ಕೂಲಿ ಯಾರಾದರೂ ನುಂಗಿದರೆ ಉರಿದೇ ಉರಿಯುತ್ತದೆ.

ಈಗ 26ನೇ ವಚನದ ಹತ್ತಿರ ನಿಲ್ಲಿ. ಸೇವಕ ಕೇಳಿದ್ದು ಮನ್ನಾ ಅಲ್ಲ, ವಾಯಿದೆ. 'ತಾಳಿಕೊಳ್ಳಿ ಬುದ್ಧಿ, ಪೂರ್ತಿ ತೀರಿಸ್ತೀನಿ' ಎಂಬ ಅರ್ಥದ ಮಾತು. ಎರಡು ಲಕ್ಷ ವರ್ಷದ ಸಾಲಕ್ಕೆ ವಾಯಿದೆ! ಅರಸ ಅವನು ಕೇಳದೇ ಇದ್ದದ್ದನ್ನು ಕೊಟ್ಟ. ಹೊರಗೆ ಹೋದ ಸೇವಕ ತನ್ನ ಸಾಲಗಾರನ ಕುತ್ತಿಗೆ ಹಿಡಿದ. ಅವನ ಬಾಯಿಂದ ಬಂದದ್ದೂ ಹೆಚ್ಚುಕಮ್ಮಿ ಅದೇ ಮಾತು (29). ಸೇವಕ ಹೀಗೇಕೆ ಮಾಡಿದ? ನಮ್ಮ ಓದಿನಲ್ಲಿ, ಅರಸ ವಾಯಿದೆ ಕೊಟ್ಟಿದ್ದಾನೆಂದೇ ಅವನು ಇನ್ನೂ ನಂಬಿದ್ದಾನೆ, ತೀರಿಸಲು ವಸೂಲಿಗೆ ಹೊರಟಿದ್ದಾನೆ. ಮನ್ನಾ ಆದದ್ದು ಅವನ ತಲೆಗೆ ಹೋಗಲೇ ಇಲ್ಲ.

ಎರಡನೆಯದು ಮತ್ತಾಯ 20:1ರಿಂದ 16. ಕಬ್ಬು ಕಡಿಸುವವರಿಗೆ, ನಾಟಿ ಹಾಕಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಆಳು ಕರೆಯುತ್ತಾನೆ, ಮತ್ತೆ 9ಕ್ಕೆ, 12ಕ್ಕೆ, 3ಕ್ಕೆ, ಕೊನೆಗೆ ಸಂಜೆ 5ಕ್ಕೆ. ಕತ್ತಲಾದಾಗ ಎಲ್ಲರಿಗೂ ಒಂದೊಂದು ದಿನಾರಿ. 8ನೇ ವಚನದಲ್ಲೊಂದು ಕಿತಾಪತಿ ಇದೆ, ಗಮನಿಸಿ: ಕೊನೆಗೆ ಬಂದವರಿಗೆ ಮೊದಲು ಕೊಡು ಎನ್ನುತ್ತಾನೆ. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ದುಡ್ಡು ಎಣಿಸಿಕೊಂಡು ಖುಷಿಯಾಗಿ ಮನೆ ಸೇರುತ್ತಿದ್ದರು, ಜಗಳವೇ ಇಲ್ಲ. ಕಥೆ ಹೇಳಿದವನಿಗೆ ಜಗಳ ಬೇಕಿತ್ತು. ಅವರಿಗೆ ಮಾತಾಡಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ, ಉರಿದದ್ದು ಪಕ್ಕದವನ ಕೈ ನೋಡಿ. ಇದನ್ನು ಓದಿ 'ಅನ್ಯಾಯ ಅಲ್ವಾ?' ಎಂದು ನಿಮಗೂ ಅನಿಸಿದರೆ ಓದು ಸರಿಯಾಗಿದೆ ಎಂದರ್ಥ. ಅನಿಸದಿದ್ದರೆ ಇನ್ನೊಮ್ಮೆ ಓದಿ. ಅಂದಹಾಗೆ, ಇದನ್ನು ತೋರಿಸಿ ಆಳುಗಳಿಗೆ ಮನಸ್ಸಿಗೆ ಬಂದಷ್ಟು ಕೂಲಿ ಕೊಡಲು ಹೋಗುವವರಿಗೆ ಯಾಕೋಬನ ಪತ್ರದ 5:4 ಇದೆ. ತಡೆದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎನ್ನುತ್ತದೆ ಅದು.

ಮೂರನೆಯದು ಲೂಕ 15:11ರಿಂದ 32, ಎಲ್ಲರೂ ಕೇಳಿರುವ ತಪ್ಪಿಹೋದ ಮಗನ ಕಥೆ. ಎಲ್ಲರಿಗೂ ಗೊತ್ತು ಎಂಬುದೇ ತೊಂದರೆ. ಹಂದಿ ಮೇಯಿಸುತ್ತಾ ಆ ಹುಡುಗ ಕಟ್ಟಿಕೊಂಡ ಮಾತಿನಲ್ಲಿ (18, 19) ಮೂರು ಭಾಗ: ಪಾಪ ಮಾಡಿದ್ದೇನೆ, ಮಗ ಎನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಈಗ 21ನೇ ವಚನ ಓದಿ. ಮೊದಲ ಎರಡು ಮಾತ್ರ ಹೇಳುತ್ತಾನೆ. ಹೆಚ್ಚಿನ ಅನುವಾದಗಳಲ್ಲಿ ಕೂಲಿಯಾಳಿನ ಮಾತು ಬಾಯಿಂದ ಹೊರಡುವುದರೊಳಗೆ ಅಪ್ಪ ಉಡುಪು, ಉಂಗುರ, ಕೆರ ತರಲು ಹೇಳಿ ಆಗಿದೆ. ಇತ್ತ ಹಿರಿಮಗ ಅಂಗಳದಲ್ಲೇ ನಿಂತು ಲೆಕ್ಕ ಒಪ್ಪಿಸುತ್ತಾನೆ: ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿ ಕೊಡಲಿಲ್ಲ. ಕಿರಿಯವನು ಕೂಲಿಯಾಗಲು ಬಂದ, ಹಿರಿಯವನು ಮನೆಯಲ್ಲೇ ಇದ್ದು ಕೂಲಿಯಾಗಿದ್ದ. ಅಪ್ಪ ಇಬ್ಬರಿಗಾಗಿಯೂ ಮನೆಯಿಂದ ಹೊರಗೆ ಬರಬೇಕಾಯಿತು (20, 28).

ಮೂರೂ ಕಥೆ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಮು ಎಳೆಯಿರಿ: ಕೊಟ್ಟವರು ಯಾರು, ಪಡೆದವನು ಅದಕ್ಕೆ ಮೊದಲು ಏನು ಮಾಡಿದ್ದ, ಯಾರಿಗೆ ಸಿಟ್ಟು ಬಂತು. ಮೂರನೆಯ ಕಾಲಮನ್ನು ಬಿಡಬೇಡಿ. ನೀವು ಯಾವ ಪಾತ್ರದ ಪರ ನಿಂತು ಓದಿದಿರಿ ಎಂಬುದು ತಿಳಿಯುವುದು ಅಲ್ಲೇ.

ನಾಲ್ಕನೇ ವಾರ: ಪೌಲ, ಆಮೇಲೆ ಯಾಕೋಬ

ಎಫೆಸ 2:1ರಿಂದ 10ನ್ನು ಏಳು ದಿನವೂ ಗಟ್ಟಿಯಾಗಿ ಓದಿ. 1ರಿಂದ 3 ರೋಗ, 4ರಿಂದ 7 ದೇವರು ಮಾಡಿದ್ದು, 8 ಮತ್ತು 9 ಅದು ಹೇಗೆ ಎಂಬುದು, 10 ಯಾತಕ್ಕೆ ಎಂಬುದು. 8ರಲ್ಲಿ ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ಎಂದ ಮೇಲೆ 'ಅದು ನಿಮ್ಮಿಂದ ಆದದ್ದಲ್ಲ' ಎಂಬ ಅರ್ಥದ ಮಾತು ಬರುತ್ತದೆ. ಯಾವುದು? ಗ್ರೀಕಿನಲ್ಲಿ ಕೃಪೆ, ನಂಬಿಕೆ ಎರಡೂ ಸ್ತ್ರೀಲಿಂಗ, ಆ 'ಅದು' ನಪುಂಸಕಲಿಂಗ. ಹಾಗಾಗಿ ಒಂದೊಂದು ಪದಕ್ಕಿಂತ ಇಡೀ ಸಂಗತಿಗೇ ಅದು ಹೊಂದುತ್ತದೆ ಎಂದು ಅನೇಕರು ಓದುತ್ತಾರೆ.

ತಪ್ಪು ನಡೆಯುವುದು 9ಕ್ಕೇ ನಿಲ್ಲಿಸಿದಾಗ. ಗೋಡೆಯ ಕ್ಯಾಲೆಂಡರಿನಲ್ಲಿ 8, 9 ಇರುತ್ತವೆ, 10 ಇರುವುದೇ ಅಪರೂಪ. ಅದರಲ್ಲಿದೆ ಸತ್ಕ್ರಿಯೆಯ ಮಾತು: ಅದನ್ನು ಮಾಡಲೆಂದೇ ನಿಮ್ಮನ್ನು ಉಂಟುಮಾಡಿದ್ದು. ಅಂದರೆ ಒಳ್ಳೆಯ ಕೆಲಸ ಬೇರಿನ ಕಡೆ ಇರದೆ ಹಣ್ಣಿನ ಕಡೆ ಇದೆ. ಇದಾದ ಮೇಲೆ ಯಾಕೋಬ 2:14ರಿಂದ 26 ಓದಿ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಅವನು ಗುಡುಗುತ್ತಾನೆ. ಇಬ್ಬರೂ ಜಗಳಕ್ಕೆ ನಿಂತಂತೆ ಕಾಣುತ್ತದೆ. ಪೌಲ ಮಾತಾಡುತ್ತಿರುವುದು ಕೂಲಿ ಕೇಳುವವನ ಹತ್ತಿರ (ರೋಮ 4:4 ಅದನ್ನೇ ಹೇಳುತ್ತದೆ: ದುಡಿದವನಿಗೆ ಕೊಟ್ಟ ಕೂಲಿ ಕೃಪೆ ಎನಿಸದು, ಸಲ್ಲಬೇಕಾದದ್ದು ಎನಿಸುತ್ತದೆ). ಯಾಕೋಬ ಮಾತಾಡುತ್ತಿರುವುದು ಕೈಕಟ್ಟಿ ಕೂತವನ ಹತ್ತಿರ.

ಐದನೇ ವಾರ: ಮೇಲುಕೋಟೆ ದಾರಿಯಾಗಿ ಸಭೆಗಳ ವ್ಯತ್ಯಾಸ

ರಕ್ಷಣೆಯಲ್ಲಿ ಮನುಷ್ಯನ ಪಾಲು ಏನಾದರೂ ಇದೆಯೇ, ಎಲ್ಲವೂ ದೇವರದೇ? ಸಭೆಗಳು ಬೇರೆಯಾಗುವುದು ಈ ಪ್ರಶ್ನೆಯಲ್ಲಿ. ಮಂಡ್ಯ ಜಿಲ್ಲೆಯವರಿಗೆ ಇದು ಸುಲಭ, ಏಕೆಂದರೆ ಈ ವಾದ ಮೇಲುಕೋಟೆಯ ಶ್ರೀವೈಷ್ಣವರಿಗೆ ಹಳೆಯದು. ಮರ್ಕಟ ನ್ಯಾಯ: ಕೋತಿಮರಿ ತಾಯಿಯ ಹೊಟ್ಟೆ ಹಿಡಿದುಕೊಳ್ಳಬೇಕು. ಮಾರ್ಜಾಲ ನ್ಯಾಯ: ಬೆಕ್ಕಿನಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹೇಳುತ್ತಾರೆ. ದೇವರು, ಬಿಡುಗಡೆ ಎಂಬುವುಗಳ ಅರ್ಥ ಎರಡು ಧರ್ಮಗಳಲ್ಲಿ ಬೇರೆ, ಅದನ್ನು ಕಲಸಬಾರದು. ಆದರೆ ಪ್ರಶ್ನೆಯ ಆಕಾರ ಒಂದೇ.

ಕ್ರೈಸ್ತರಲ್ಲಿ 16ನೇ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕ ಕಾಲ್ವಿನ್‌ನ ಪರಂಪರೆ ಬೆಕ್ಕಿನ ಕಡೆಗೆ ವಾಲುತ್ತದೆ. 5ನೇ ಶತಮಾನದ ಬೋಧಕ ಪೆಲಾಜಿಯಸ್ ಮರಿ ತಾನೇ ಹಾರಿ ಮರ ಸೇರಬಲ್ಲದು ಎಂಬಂತೆ ಕಲಿಸಿದ. ಬಿಷಪ್ ಅಗಸ್ಟೀನ್ ಅದನ್ನು ಎದುರಿಸಿದ, 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಮ್ಮೇಳನ ತಳ್ಳಿಹಾಕಿತು. 529ರ ಆರೆಂಜ್ ಸಮ್ಮೇಳನ ನಂಬಿಕೆಯ ಮೊದಲ ಮೊಳಕೆಯೂ ಕೃಪೆಯದೇ ಎಂದಿತು. ಕಥೋಲಿಕ ಬೋಧನೆಯಲ್ಲಿ ಮನುಷ್ಯ ಕೃಪೆಯೊಂದಿಗೆ ಸಹಕರಿಸುತ್ತಾನೆ, ಸಹಕರಿಸುವ ಶಕ್ತಿಯನ್ನೂ ಕೃಪೆಯೇ ಎಬ್ಬಿಸುತ್ತದೆ.

ಮೈಸೂರಿನ ಪ್ರಾಟೆಸ್ಟೆಂಟರಲ್ಲಿ ಹಲವರ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. 1906ರ ಮಿಷನ್ ಆಸ್ಪತ್ರೆ ಅದರದೇ ಕೆಲಸ, 1947ರ ಸೆಪ್ಟೆಂಬರ್ 27ರಂದು ಆ ಸಭೆಗಳು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸೇರಿದವು. ಆ ಮಿಷನ್ನಿನ ಹೆಸರಿಗೆ ಮೂಲವಾದ, 18ನೇ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಕೃಪೆಯನ್ನು ಮೂರು ಹೆಜ್ಜೆಯಾಗಿ ಕಲಿಸಿದ: ನಾವು ತಿರುಗಿ ನೋಡುವ ಮೊದಲೇ ನಮ್ಮನ್ನು ಹುಡುಕುವುದು, ತಪ್ಪು ಮನ್ನಿಸಿ ನೀತಿವಂತರೆಂದು ಎಣಿಸುವುದು, ಆಮೇಲೆ ಬದುಕಿಡೀ ತಿದ್ದುವುದು. ಕೋತಿಮರಿಯ ಹಿಡಿತವೇ ಕೊಡುಗೆ ಎಂದು ಅವನ ಮಾತನ್ನು ನಮ್ಮ ಉಪಮೆಗೆ ಇಳಿಸಬಹುದು. ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ, ರಕ್ಷಣೆ ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. ವೆಸ್ಲಿಯ ಪರಂಪರೆಯ ಮೆಥೋಡಿಸ್ಟರು 2006ರಲ್ಲಿ ಸೇರಿದರು. 'ಅವರದು ಕ್ರಿಯೆಯ ಮತ, ನಮ್ಮದು ಕೃಪೆಯ ಮತ' ಎಂದು ಇನ್ನೂ ಬೈದಾಡುವವರು ಈ ಕಾಗದವನ್ನು ಓದಿರುವುದಿಲ್ಲ.

ಆರನೇ ವಾರದಿಂದ ಮುಂದಕ್ಕೆ: ನಾಲೆಯ ಹೂಳು

ಪುಕ್ಕಟೆ ಸಿಗುವುದಾದರೆ ಪ್ರಾರ್ಥನೆ, ಉಪವಾಸ, ಆರಾಧನೆ ಯಾಕೆ? ವೆಸ್ಲಿ ಇವುಗಳನ್ನು ಕೃಪೆಯ ಸಾಧನಗಳು ಎಂದ: ಪ್ರಾರ್ಥನೆ, ವಾಕ್ಯದ ಓದು, ಕರ್ತನ ಭೋಜನ, ಉಪವಾಸ, ಕೂಡಿ ಮಾತಾಡುವುದು. ಕಥೋಲಿಕರಿಗೆ ಜ್ಞಾನಸ್ನಾನ, ಪರಮಪ್ರಸಾದ ಮೊದಲಾದ ಏಳು ಸಂಸ್ಕಾರಗಳೇ ಮುಖ್ಯ ದಾರಿ. ಕನ್ನಂಬಾಡಿಯ ನೀರು ನಾಲೆಯಲ್ಲಿ ಬರುವವರಿಗೆ ಹೀಗೆ ಹೇಳಬಹುದು: ಹೂಳು ತೆಗೆದು, ಬದು ಕಟ್ಟಿ, ಮಡೆ ತಿರುಗಿಸುವ ರೈತ ಒಂದು ಹನಿ ನೀರನ್ನೂ ಉಂಟುಮಾಡುವುದಿಲ್ಲ. ಆದರೆ ಹೂಳು ತುಂಬಿದರೆ ಕಟ್ಟೆ ಭರ್ತಿ 124.80 ಅಡಿ ಇದ್ದರೂ ಗದ್ದೆ ಒಣಗುತ್ತದೆ. ಉಪಮೆ ಇಲ್ಲಿಗೇ ನಿಲ್ಲಲಿ. ಬೇಸಿಗೆಯಲ್ಲಿ ಕಟ್ಟೆ ತಳ ಕಾಣುತ್ತದೆ, ನೀರಿಗೆ ಪಾಳಿಯೂ ಇರುತ್ತದೆ. ಅವೆರಡನ್ನೂ ಕೃಪೆಗೆ ಅಂಟಿಸಬೇಡಿ.

ಶುರುವಿಗೆ ಇಷ್ಟು ಸಾಕು: ದಿನಕ್ಕೆ ಹತ್ತು ನಿಮಿಷ ಓದು, ಐದು ನಿಮಿಷ ಕೃತಜ್ಞತೆ, ವಾರಕ್ಕೊಮ್ಮೆ ಆರಾಧನೆ, ಮತ್ತು ತಿರುಗಿ ಕೊಡಲಾಗದವರಿಗೆ ಗುಟ್ಟಾಗಿ ಏನಾದರೊಂದು ಕೊಡುವುದು. ಕೊನೆಯದು ಲೂಕ 14:12ರಿಂದ 14ರ ಪಾಠ. ಊಟಕ್ಕೆ ಕರೆಯುವಾಗ ತಿರುಗಿ ಕರೆಯಲಾಗದವರನ್ನು ಕರೆ ಎನ್ನುತ್ತದೆ ಅದು. ಮುಯ್ಯಿ ಪುಸ್ತಕದ ಅಭ್ಯಾಸ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಬೇರೆ ಧರ್ಮದ ಓದುಗರಿಗೊಂದು ಮಾತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಆದರೆ ಬಲಿಪೂಜೆಯಲ್ಲಿ (ಕಥೋಲಿಕರ ಮುಖ್ಯ ಆರಾಧನೆ) ಪರಮಪ್ರಸಾದದ ರೊಟ್ಟಿ ಪಡೆಯಲು ಸಾಲು ಹೊರಟಾಗ ಜೊತೆಗೆ ಹೋಗಿ ಕೈ ಚಾಚಬೇಡಿ. ಹೆಸರು ಪ್ರಸಾದ ಎಂದಿದ್ದರೂ ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಹಂಚುವುದಲ್ಲ. ಅದು ಜ್ಞಾನಸ್ನಾನವಾಗಿ, ಆ ಸಭೆಯ ನಂಬಿಕೆಯಲ್ಲಿ ಒಂದಾದವರಿಗೆ. ಅವರೂ ಒಂದು ಗಂಟೆ ಮೊದಲಿನಿಂದ ನೀರು, ಔಷಧ ಬಿಟ್ಟು ಏನೂ ಸೇವಿಸುವಂತಿಲ್ಲ. ಕೃಪೆ ಎಲ್ಲರಿಗೂ ಎಂದ ಮೇಲೆ ಇದೇನು ಎಂದು ಕೇಳಬಹುದು. ಸಂಸ್ಕಾರಗಳಿಗೆ ದೇವರು ಕಟ್ಟುಬಿದ್ದಿಲ್ಲ ಎಂದು ಅದೇ ಕಥೋಲಿಕ ಧರ್ಮೋಪದೇಶವೂ ಹೇಳುತ್ತದೆ.

ಎಲ್ಲಿ ಕೆಡುತ್ತದೆ

'ಕೃಪೆ ಇದೆಯಲ್ಲ, ಏನು ಮಾಡಿದರೂ ನಡೆಯುತ್ತದೆ' ಎಂಬುದಕ್ಕೆ ರೋಮ 6:1, 2 ಸಾಕು, ಪೌಲನ ಕಾಲದಲ್ಲೇ ಆ ಮಾತು ಹುಟ್ಟಿತ್ತು.

ಕಾಣಿಕೆ ಹಾಕಿದರೆ ಹತ್ತುಪಟ್ಟು ಬರುತ್ತದೆ, ಇಷ್ಟು ಕೊಟ್ಟರೆ ವಿಶೇಷ ಪ್ರಾರ್ಥನೆ ಎಂದು ದರ ಹೇಳುವ ಕಡೆ ನಿಲ್ಲಬೇಡಿ. ಅಪೊಸ್ತಲರ ಕೃತ್ಯಗಳು 8:18ರಿಂದ 20ರಲ್ಲಿ ಪವಿತ್ರಾತ್ಮನನ್ನು ಕೊಡುವ ಶಕ್ತಿ ಕೊಳ್ಳಲು ಸೀಮೋನ ದುಡ್ಡು ತಂದಾಗ ಅಪೊಸ್ತಲ ಪೇತ್ರ ಕೊಟ್ಟ ಉತ್ತರ ಓದಿ, ಬೈಬಲಿನ ಖಾರದ ಮಾತುಗಳಲ್ಲಿ ಅದೊಂದು.

ಕಾಯಿಲೆ ವಾಸಿಯಾಗದಿದ್ದರೆ ಕೃಪೆ ತಪ್ಪಿತು ಎಂದು ಹಾಸಿಗೆ ಹಿಡಿದವರ ಮುಂದೆ ಹೇಳುವುದು ಕ್ರೌರ್ಯ. ಪೌಲ ತನ್ನ ಮೈಯ ಮುಳ್ಳು ತೆಗೆಯೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12:7ರಿಂದ 9). ಔಷಧಿ ನಿಲ್ಲಿಸಲು ಹೇಳುವವರ ಮಾತು ಕೇಳಬೇಡಿ.

ಇನ್ನೊಂದು ಮನೆಯೊಳಗೆ ನಡೆಯುವುದು. ಹೊಡೆಯುವ ಗಂಡನನ್ನು 'ಕ್ಷಮಿಸಮ್ಮ, ನಿನಗೂ ದೇವರು ಕ್ಷಮಿಸಿಲ್ಲವಾ' ಎಂದು ಹೆಂಗಸನ್ನು ಮತ್ತೆ ಅದೇ ಮನೆಗೆ ಕಳಿಸುವುದು. ಸಾಲ ಬಿಡುವ ಕಥೆ ಇರುವ ಅದೇ ಮತ್ತಾಯ 18ರಲ್ಲಿ, ಅದಕ್ಕೂ ಮೊದಲು 15ರಿಂದ 17ರಲ್ಲಿ, ತಪ್ಪು ಮಾಡಿದವನನ್ನು ಎದುರಿಗೆ ಕೇಳಬೇಕು, ಸಾಕ್ಷಿ ಕರೆಯಬೇಕು, ಸಭೆಗೆ ತಿಳಿಸಬೇಕು ಎಂದಿದೆ. ಕ್ಷಮೆ ಮನಸ್ಸಿನದು. ಸುರಕ್ಷಿತ ಜಾಗಕ್ಕೆ ಹೋಗುವುದು, ಪೊಲೀಸರಿಗೆ ದೂರು ಕೊಡುವುದು ಅದಕ್ಕೆ ಅಡ್ಡಿಯಲ್ಲ.

ಕಡೆಯದು ಹರಕೆ. ಕೆ.ಆರ್. ನಗರದ ಕಡೆಯ ದೋರನಹಳ್ಳಿಗೆ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಹರಕೆಯನ್ನು ಕಥೋಲಿಕ ಸಭೆ ಬೇಡವೆನ್ನುವುದಿಲ್ಲ. ಅದನ್ನು ದೇವರಿಗೆ ಮನಸಾರೆ ಕೊಟ್ಟ ಮಾತು ಎಂದು ಎಣಿಸುತ್ತದೆ. 'ಇದಾದರೆ ಅದು ಕೊಡ್ತೀನಿ' ಎಂಬುದು ವ್ಯಾಪಾರವಾಗಿ, ಮಗು ಹುಷಾರಾದದ್ದು ಮೇಣದಬತ್ತಿಯ ಬೆಲೆ ಎಂದು ಎಣಿಸಿದಾಗ ಮಾತ್ರ ಕೃಪೆ ಮತ್ತೆ ಕೂಲಿಯಾಗುತ್ತದೆ. ಹೊತ್ತ ಹರಕೆ ತೀರಿಸಿ, ಬೆಲೆಯೆಂದು ಬೇಡ, ಕೃತಜ್ಞತೆಯೆಂದು ತೀರಿಸಿ. ತೀರಿಸಲಾಗದ ಕಥೋಲಿಕರು ಹೆದರಿಕೊಂಡು ವರ್ಷಗಟ್ಟಲೆ ಕೊರಗಬೇಕಿಲ್ಲ. ಖಾಸಗಿ ಹರಕೆಯನ್ನು ಅಷ್ಟೇ ಅಥವಾ ಅದಕ್ಕಿಂತ ಮಿಗಿಲಾದ ಇನ್ನೊಂದು ಒಳಿತಿಗೆ ಬದಲಿಸಲು ಹೊತ್ತವರಿಗೇ ಅಧಿಕಾರವಿದೆ. ಕಡಿಮೆ ಮಾಡಬೇಕಾದರೆ, ಇಲ್ಲವೇ ಪೂರ್ತಿ ಬಿಡಬೇಕಾದರೆ, ನ್ಯಾಯವಾದ ಕಾರಣವಿದ್ದಲ್ಲಿ ಧರ್ಮಕೇಂದ್ರದ (ನಿಮ್ಮ ಊರಿನ ಚರ್ಚಿನ) ಗುರುಗಳು ಬಿಡುಗಡೆ ಕೊಡಬಲ್ಲರು. ಕಥೋಲಿಕ ಸಭೆಯ ಕಾನೂನಿನ 1196, 1197ನೇ ಕಲಮುಗಳು ಇದನ್ನೇ ಹೇಳುತ್ತವೆ. ಪೂಜೆ ಮುಗಿದ ಮೇಲೆ ಐದು ನಿಮಿಷ ಕೇಳಿ ಗುರುಗಳ ಹತ್ತಿರ ಮಾತಾಡಿದರೆ ಆಯಿತು.